ಅಮೆರಿಕದಲ್ಲಿ ಎಸ್ಟೇಟ್ ತೆರಿಗೆ, ಅಂದರೆ ಸತ್ತವರ ಆಸ್ತಿಯ ಮೇಲಿನ ತೆರಿಗೆ, ಕಟ್ಟುವವರೇ ಕಡಿಮೆ. ಹಾಗಾದ್ರೆ ಆಸ್ತಿ ಯಾರಿಗೆ, ಹೇಗೆ ಹೋಗಬೇಕು ಅಂತ ಯೋಜನೆ ಮಾಡಿಕೊಡುವ ಎಸ್ಟೇಟ್ ಪ್ಲಾನಿಂಗ್ ವಕೀಲರಿಗೆ ಕೆಲಸ ಎಲ್ಲಿಂದ ಬರುತ್ತದೆ?

ಜಾಸ್ತಿ ಕೆಲಸ ಬರುವುದು ಸಾಧಾರಣ ಕುಟುಂಬಗಳ ವಿಲ್, ಟ್ರಸ್ಟ್ (ಮನೆಯವರ ಪರವಾಗಿ ಆಸ್ತಿ ನೋಡಿಕೊಳ್ಳುವ ಏರ್ಪಾಡು) ಮತ್ತು ಆಸ್ತಿ ಮಾರಿದ ಲಾಭದ ಮೇಲಿನ ತೆರಿಗೆಯಿಂದ. ಅಲ್ಲಿನ ಕೇಂದ್ರ ಸರ್ಕಾರ 2026ರಲ್ಲಿ ಎಸ್ಟೇಟ್ ತೆರಿಗೆ ಹಾಕುವುದು 1.5 ಕೋಟಿ ಡಾಲರ್ ದಾಟಿದ ಆಸ್ತಿಗೆ ಮಾತ್ರ.

ಆದರೆ ಈ ಲೆಕ್ಕ ನೋಡಿ. ಅಪ್ಪ 2 ಲಕ್ಷ ಡಾಲರಿಗೆ ಕೊಂಡ ಮನೆಗೆ ಈಗ 8 ಲಕ್ಷ ಬೆಲೆ. ಬದುಕಿದ್ದಾಗಲೇ ಮಗಳಿಗೆ ದಾನ ಕೊಟ್ಟರೆ, ಅವಳು ಮಾರುವಾಗ ಹಳೆಯ 2 ಲಕ್ಷವನ್ನೇ ಕೊಂಡ ಬೆಲೆ ಅಂತ ಹಿಡಿಯುತ್ತಾರೆ. ಉಳಿದ 6 ಲಕ್ಷ ಲಾಭ, ಅದಕ್ಕೆ ತೆರಿಗೆ. ಅಪ್ಪ ತೀರಿಕೊಂಡ ಮೇಲೆ ಬಂದರೆ ಆ ದಿನದ 8 ಲಕ್ಷವೇ ಕೊಂಡ ಬೆಲೆ. ಲಾಭವೇ ಇಲ್ಲ! ಯಾವ ಆಸ್ತಿ, ಯಾವಾಗ, ಯಾರ ಹೆಸರಿಗೆ ಅಂತ ಹೇಳುವುದೇ ಈ ವಕೀಲರ ವಿದ್ಯೆ. ಅದಕ್ಕೇ ಮೂರು ವರ್ಷದ ಕಾನೂನು ಪದವಿ, ವಕೀಲಿಕೆಗೆ ಬೇಕಾದ ಬಾರ್ ಪರೀಕ್ಷೆ ಮುಗಿದ ಮೇಲೂ ಹಲವರು ತೆರಿಗೆ ವಿಷಯದಲ್ಲೇ ಎಲ್‌ಎಲ್‌ಎಂ ಮಾಡುತ್ತಾರೆ.

ಬೆಂಗಳೂರಲ್ಲಿದ್ದು ಅಮೆರಿಕದ ಕಂಪನಿಗಳ ಷೇರು ಇಟ್ಟುಕೊಂಡವರು ದಯವಿಟ್ಟು ಗಮನಿಸಿ: ಅಲ್ಲಿನ ಪ್ರಜೆಯೂ ಅಲ್ಲದ, ನಿವಾಸಿಯೂ ಅಲ್ಲದವರಿಗೆ ಎಸ್ಟೇಟ್ ತೆರಿಗೆಯ ವಿನಾಯಿತಿ ಬರೀ 60,000 ಡಾಲರ್. ಅದರ ಮೇಲಿನದಕ್ಕೆ ಶೇ 40ರವರೆಗೂ ತೆರಿಗೆ ಬೀಳಬಹುದು.