240ರ ಸ್ಟೂಡೆಂಟ್ ಕ್ಯಾನೊಪಿಯಿಂದ ಸೀದಾ 170ಕ್ಕೆ ಹೋಗ್ಬಹುದಾ?

ಬೇಡ, ಸ್ಕೈಡೈವಿಂಗಿಗೆ ಅಷ್ಟು ಚಿಕ್ಕ ಕ್ಯಾನೊಪಿ (ಪ್ಯಾರಾಚೂಟಿನ ರೆಕ್ಕೆ) ಈಗ್ಲೇ ತಗೋಬೇಡಿ. ಉದ್ದ ಓದೋಕೆ ಪುರುಸೊತ್ತಿಲ್ದೋರು ಇಲ್ಲಿಗೇ ನಿಲ್ಲಿಸ್ಬಹುದು. ಉಳಿದೋರಿಗೆ ಕಾರಣ ಹೇಳ್ತೀನಿ, ಯಾಕಂದ್ರೆ ನೀವು ಕೇಳಿರೋದನ್ನೇ ನಾನೂ ಐದು ವರ್ಷದ ಹಿಂದೆ ಕೇಳಿದ್ದೆ, ಉತ್ತರ ಸಿಕ್ಕಿತ್ತು, ಕಿವಿಗೆ ಹಾಕ್ಕೊಳ್ಲಿಲ್ಲ, ಈಗ ಬಲಗಾಲಲ್ಲಿ ಒಂದು ಪ್ಲೇಟು ಆರು ಸ್ಕ್ರೂ ಇದೆ.

ನೀವು ಬರ್ದಿರೋದು ಇಷ್ಟು: ಮೈ ತೂಕ 85 ಕೆಜಿ, ಎಎಫ್‌ಎಫ್ (ಸ್ಕೈಡೈವಿಂಗ್ ಕಲಿಸೋ ಮೊದಲ ಕೋರ್ಸ್) ಮುಗ್ಸಿ ಒಟ್ಟು 27 ಜಂಪ್ ಆಗಿದೆ, ಇಲ್ಲೀವರ್ಗೂ ಹಾರಿದ್ದೆಲ್ಲ 240ರಲ್ಲೇ, ಈಗ ಪರಿಚಯದೋರೊಬ್ರು 170 ಮೇನ್ (ಮುಖ್ಯ ಕ್ಯಾನೊಪಿ) ಇರೋ ಫುಲ್ ರಿಗ್ (ಬೆನ್ನಿಗೆ ಹಾಕೋ ಪೂರ್ತಿ ಪ್ಯಾರಾಚೂಟ್ ಸೆಟ್) ಕಮ್ಮಿ ರೇಟಿಗೆ ಕೊಡ್ತೀನಿ ಅಂತಿದಾರೆ, "ಬಟ್ಟೆ ಸ್ವಲ್ಪ ಚಿಕ್ಕದು ಅಷ್ಟೇ, ಎರಡು ಜಂಪಲ್ಲಿ ಅಭ್ಯಾಸ ಆಗತ್ತೆ" ಅಂದಿದಾರೆ. ಬಟ್ಟೆ ಚಿಕ್ಕದು ಅನ್ನೋದು ನಿಜ. ಅಭ್ಯಾಸ ಆಗತ್ತೆ ಅನ್ನೋದೂ ನಿಜಾನೇ, ಆದ್ರೆ ಯಾವ ಜಂಪಲ್ಲಿ ಆಗತ್ತೆ, ಅಷ್ಟರೊಳಗೆ ಏನೇನು ಆಗತ್ತೆ ಅನ್ನೋದೇ ಪ್ರಶ್ನೆ.

ಮೊದ್ಲು ಲೆಕ್ಕ. ಕ್ಯಾನೊಪಿ ಮೇಲಿರೋ ನಂಬರ್ ಚದರ ಅಡಿ. ವಿಂಗ್ ಲೋಡಿಂಗ್ ಅಂದ್ರೆ ಪ್ಲೇನಿಂದ ಆಚೆ ಬೀಳೋ ಒಟ್ಟು ತೂಕ ಪೌಂಡಲ್ಲಿ ತಗೊಂಡು ಆ ಚದರ ಅಡಿಯಿಂದ ಭಾಗಿಸೋದು. ತುಂಬಾ ಜನ ಮೈ ತೂಕ ಮಾತ್ರ ಹಾಕಿ ಖುಷಿ ಪಡ್ತಾರೆ, ಹಂಗಲ್ಲ, ರಿಗ್, ಹೆಲ್ಮೆಟ್, ಬಟ್ಟೆ, ಶೂ ಎಲ್ಲಾ ಸೇರ್ಬೇಕು, ಸುಮಾರು 13 ಕೆಜಿ ಅಂತ ಇಟ್ಕೊಳಿ. ನಿಮ್ದು 98 ಕೆಜಿ, ಅಂದ್ರೆ 216 ಪೌಂಡ್. 240ರಲ್ಲಿ ಅದು 0.9 ಆಗತ್ತೆ. 170ರಲ್ಲಿ 1.27. ಹೊಸಬ್ರಿಗೆ ಸಾಮಾನ್ಯವಾಗಿ ಹೇಳೋದು 1.0 ಆಸುಪಾಸಲ್ಲಿರಿ, ಅದ್ರ ಕೆಳಗೇ ಇದ್ರೆ ಇನ್ನೂ ಒಳ್ಳೇದು ಅಂತ.

ಈಗ 0.9ರಿಂದ 1.27ಕ್ಕೆ ಹೋದ್ರೆ ಏನಾಗತ್ತೆ? ರೆಕ್ಕೆ ಒಂದೇ ಥರದ್ದಾದ್ರೆ ವೇಗ ಹೋಗೋದು ವಿಂಗ್ ಲೋಡಿಂಗಿನ ವರ್ಗಮೂಲದ ಲೆಕ್ಕದಲ್ಲಿ. ಅಂದ್ರೆ ನಿಮ್ಮ ವೇಗ ಸುಮಾರು 19 ಪರ್ಸೆಂಟ್ ಏರತ್ತೆ, ಮುಂದಕ್ಕೆ ಹೋಗೋದೂ ಅಷ್ಟೇ, ಕೆಳಗಿಳಿಯೋದೂ ಅಷ್ಟೇ. 19 ತಾನೇ, ಬೈಕಲ್ಲಿ ಐವತ್ತರ ಬದ್ಲು ಅರವತ್ತಲ್ಲಿ ಹೋದಂಗೆ ಅನ್ಸತ್ತೆ. ಆದ್ರೆ ಎಡವಿ ಬಿದ್ದಾಗ ಮೂಳೆ ಲೆಕ್ಕ ಇಡೋದು ಎನರ್ಜಿನ, ಎನರ್ಜಿ ವೇಗದ ವರ್ಗದಲ್ಲಿ ಏರತ್ತೆ, ಹಾಗಾಗಿ ಅದು 41 ಪರ್ಸೆಂಟ್ ಜಾಸ್ತಿ. ಇನ್ನೊಂದು, ಫ್ಲೇರ್ (ನೆಲ ಮುಟ್ಟೋ ಮುಂಚೆ ಎರಡೂ ಬ್ರೇಕ್ ಎಳೆದು ವೇಗ ತಗ್ಗಿಸೋದು) ಎಷ್ಟೇ ಚೆನ್ನಾಗಿ ಮಾಡಿದ್ರೂ ಕ್ಯಾನೊಪಿ ಒಂದು ಕನಿಷ್ಠ ವೇಗದ ಕೆಳಗೆ ಹಾರಲ್ಲ, ಸ್ಟಾಲ್ ಆಗತ್ತೆ, ಅಂದ್ರೆ ಹಾರೋದು ಬಿಟ್ಟು ಬೀಳತ್ತೆ, ಆ ಸ್ಟಾಲ್ ವೇಗವೂ ಅದೇ 19 ಪರ್ಸೆಂಟ್ ಮೇಲೆ ಹೋಗತ್ತೆ. ಗಾಳಿ ಇಲ್ದಿರೋ ದಿನ 240ರಲ್ಲಿ ನಾಲ್ಕು ಹೆಜ್ಜೆ ಇಟ್ಟು ನಿಲ್ತಿದ್ದೋರು ಇಲ್ಲಿ ಓಡ್ಬೇಕು, ಓಡೋಕೆ ಆಗದಿದ್ರೆ ಪಿಎಲ್‌ಎಫ್ (ಕಾಲು ಜೋಡಿಸ್ಕೊಂಡು ಪಕ್ಕಕ್ಕೆ ಬೀಳೋ ರೀತಿ) ಮಾಡಿ ಉರುಳ್ಬೇಕು.

ಇಲ್ಲೊಂದು ತಪ್ಪು ತಿಳುವಳಿಕೆ ಇದೆ, ಚಿಕ್ಕ ಕ್ಯಾನೊಪಿ ಕಲ್ಲು ಬಿದ್ದಂಗೆ ಬೀಳತ್ತೆ, ದೂರ ಹೋಗಲ್ಲ ಅಂತ. ಗಾಳಿ ಇಲ್ಲ ಅಂದ್ಕೊಂಡ್ರೆ ಒಂದೇ ಮಾಡೆಲಿನ 240, 170 ಎರಡೂ ಇಳಿಯೋ ಕೋನ ಹೆಚ್ಚುಕಮ್ಮಿ ಒಂದೇ, ಒಂದೇ ದಾರೀಲಿ ಒಂದು ಬೇಗ ಹೋಗತ್ತೆ ಇನ್ನೊಂದು ನಿಧಾನ. (ನಿಮ್ಮ ಮೈ ಮತ್ತೆ ಲೈನ್‌ಗಳು, ಅಂದ್ರೆ ಕ್ಯಾನೊಪಿ ಹಗ್ಗಗಳು, ಗಾಳಿಗೆ ಅಡ್ಡ ಆಗೋದು ಚಿಕ್ಕ ರೆಕ್ಕೆಗೆ ಸ್ವಲ್ಪ ಜಾಸ್ತಿ ಭಾರ, ಅದನ್ನ ಬಿಡಿ.) ಗಾಳಿ ಇದ್ದಾಗ ಕಥೆ ಬದ್ಲಾಗತ್ತೆ, ಎದುರು ಗಾಳೀಲಿ ಚಿಕ್ಕದು ನುಗ್ಗತ್ತೆ, ದೊಡ್ಡದು ನಿಂತಲ್ಲೇ ನಿಲ್ಲತ್ತೆ, ಗಾಳಿ ಜೋರಾದ್ರೆ ಹಿಂದಕ್ಕೇ ಹೋಗತ್ತೆ. ಅಮೇರಿಕದ ಸ್ಕೈಡೈವಿಂಗ್ ಸಂಘ ಯುಎಸ್‌ಪಿಎ ನಿಯಮದಲ್ಲಿ ಸ್ಟೂಡೆಂಟ್‌ಗಳಿಗೆ ನೆಲದ ಗಾಳಿ ಗಂಟೆಗೆ 14 ಮೈಲಿ ಮೀರ್ಬಾರ್ದು ಅಂತ ಇಟ್ಟಿರೋದ್ರಲ್ಲಿ ಇದೂ ಸೇರ್ಕೊಂಡಿದೆ. ಹಾಗಾಗಿ ದೊಡ್ಡದಾದಷ್ಟೂ ಸೇಫ್ ಅಂತ ನಾನು ಹೇಳ್ತಿಲ್ಲ, 50 ಕೆಜಿ ಹುಡುಗೀನ 240ರಲ್ಲಿ ನೇತು ಹಾಕಿದ್ರೆ ಮಧ್ಯಾಹ್ನದ ಗಾಳಿ ಅವ್ಳನ್ನ ಪಕ್ಕದೂರಿಗೆ ಒಯ್ಯತ್ತೆ.

ಈಗ ಅಸಲಿ ವಿಷ್ಯ, ವಿಂಗ್ ಲೋಡಿಂಗ್ ನಂಬರಲ್ಲಿ ಕಾಣ್ದೇ ಇರೋದು. ನಾಗರ ಪಂಚಮಿಗೆ ಗದಗ ಕಡೆ ನಮ್ಮಜ್ಜಿ ಊರಲ್ಲಿ ಬೇವಿನ ಮರಕ್ಕೆ ಜೋಕಾಲಿ ಕಟ್ತಿದ್ರು. ಮೇಲಿನ ಕೊಂಬೆಗೆ ಕಟ್ಟಿದ್ದು ದೊಡ್ಡೋರಿಗೆ, ನಿಧಾನಕ್ಕೆ ಜೀಕತ್ತೆ, ಆ ತುದಿಗೆ ಹೋಗಿ ವಾಪಸ್ ಬರೋಷ್ಟರಲ್ಲಿ ಹಾಡಿನ ಒಂದು ಸಾಲು ಮುಗಿಯತ್ತೆ. ಕೆಳಗಿನ ಕೊಂಬೆಗೆ ಗಿಡ್ಡ ಹಗ್ಗ, ಮಕ್ಕಳಿಗೆ, ಅದು ಟಕ್ ಟಕ್ ಅಂತ ಹೋಗಿ ಬರತ್ತೆ, ಕೂತೋರು ದಪ್ಪ ಇರ್ಲಿ ಸಣ್ಣ ಇರ್ಲಿ. ಕ್ಯಾನೊಪಿ ಕೆಳಗೆ ನೀವೂ ಹಂಗೇ ನೇತಾಡ್ತಿರೋದು. ಒಂದೇ ಮಾಡೆಲಲ್ಲಿ ಸೈಜ್ ಇಳಿದ ಹಾಗೆ ಲೈನ್ ಉದ್ದಾನೂ ಇಳಿಯತ್ತೆ. ಟಾಗಲ್ (ಕೈಯಲ್ಲಿ ಹಿಡಿಯೋ ಬ್ರೇಕ್ ಹಿಡಿ) ಎಳೆದ್ರೆ ಕ್ಯಾನೊಪಿ ವಾಲಿ ಮೂಗು ಕೆಳಗೆ ಮಾಡತ್ತೆ, ನೀವು ಹೊರಗೆ ಜೀಕ್ತೀರಿ, ಬಿಟ್ಟಾದ್ಮೇಲೆ ಮತ್ತೆ ಅದ್ರ ಕೆಳಗೆ ಬರೋವರ್ಗೂ ಅದು ಡೈವ್ ಹೊಡೀತಾನೇ ಇರತ್ತೆ. ಗಿಡ್ಡ ಲೈನಲ್ಲಿ ಇದೆಲ್ಲ ಗಬಕ್ಕನೆ ಆಗತ್ತೆ, ಯೋಚ್ನೆ ಮಾಡೋಷ್ಟರಲ್ಲಿ ಅರ್ಧ ತಿರುಗಿರ್ತೀರಿ.

ಅದಕ್ಕೇ 1.0 ಅನ್ನೋದು ಎಲ್ಲಾರಿಗೂ ಒಂದೇ ಅಲ್ಲ. ನನ್ ಹೆಂಡ್ತಿ ರಿಗ್ ಸೇರಿ 62 ಕೆಜಿ, 137 ಪೌಂಡ್. ಅವ್ಳಿಗೆ 135 ಕೊಟ್ರೆ ಲೆಕ್ಕ ಸರಿಯಾಗಿ 1.0 ಬರತ್ತೆ, ಕಾಗದದಲ್ಲಿ ಬಿಗಿನರ್. ಗಾಳೀಲಿ ಅದು ಕೈ ಅಲ್ಲಾಡಿಸಿದ್ರೂ ತಿರುಗೋ ಕ್ಯಾನೊಪಿ. ಅವ್ಳಿಗೆ ಇನ್ಸ್ಟ್ರಕ್ಟರ್ 170ರಲ್ಲೇ ಇರು ಅಂದ್ರು, ಅಂದ್ರೆ 0.8, ಮಾತು ಕೇಳಿದ್ಲು, ಅವ್ಳ ಕಾಲಲ್ಲಿ ಸ್ಕ್ರೂ ಇಲ್ಲ.

ನನ್ನ ಕಥೆ ಹೇಳ್ತೀನಿ. ಕ್ಯಾಲಿಫೋರ್ನಿಯಾ, ಸಂಜೆ, ಗಾಳಿ ಸಂಪೂರ್ಣ ನಿಂತಿತ್ತು, ಕಂಬದ ಮೇಲಿನ ವಿಂಡ್‌ಸಾಕ್ ಒದ್ದೆ ಟವೆಲ್ ಥರ ಜೋತು ಬಿದ್ದಿತ್ತು. ನನ್ನ 62ನೇ ಜಂಪ್. ನಾನು ಹಾರ್ತಿದ್ದಿದ್ದು 190, ಲೋಡಿಂಗ್ 0.97. ಗೆಳೆಯನ 150 ಕೇಳಿ ಇಸ್ಕೊಂಡೆ, ಅವ್ನು ಬೇಡ ಅಂದ, ನಾನು ಒಂದೇ ಸಲ ಅಂದೆ. ಲೋಡಿಂಗ್ 1.23. ಮೇಲೆ ಎಲ್ಲಾ ಸೂಪರ್, ತಿರುಗಿಸಿದ್ರೆ ಬೆಣ್ಣೆ. ಫೈನಲ್ ಅಪ್ರೋಚಲ್ಲಿ ಹುಲ್ಲು ಓಡಿ ಬರೋ ಸ್ಪೀಡ್ ನೋಡಿ ಗಾಬರಿ ಆಗಿ ಎರಡು ಆಳೆತ್ತರದಲ್ಲೇ ಅರ್ಧ ಫ್ಲೇರ್ ಮಾಡ್ಬಿಟ್ಟೆ. ಅಲ್ಲಿಗೇ ಹಿಡ್ಕೊಂಡಿದ್ರೂ ಬಚಾವಾಗ್ತಿದ್ದೆ. ಮೇಲಿದೀನಿ ಅನ್ಸಿ ಕೈ ಸ್ವಲ್ಪ ಬಿಟ್ಟೆ, ಕ್ಯಾನೊಪಿ ಮುಂದಕ್ಕೆ ನುಗ್ತು, ಬೀಳ್ತೀನಿ ಅನ್ಸಿದ ಕೂಡ್ಲೇ ಬಲಗೈ ತಾನಾಗೇ ನೆಲದ ಕಡೆ ಚಾಚ್ಕೊಂಡ್ತು, ಮೆಟ್ಲು ಜಾರಿದಾಗ ಕೈ ಊರ್ತೀವಲ್ಲ ಹಂಗೆ. ಆ ಕೈಯಲ್ಲಿ ಟಾಗಲ್ ಇದೆ! ಬಲಗಡೆ ತಿರುಗ್ತು, ಬಲಗಾಲು ಒಂದೇ ಮೊದ್ಲು ನೆಲಕ್ಕೆ ತಾಗ್ತು. ಸದ್ದು ಕೇಳಿಸ್ತು, ನೋವು ಆಮೇಲೆ ಬಂತು.

ಇದೇ ತಪ್ಪನ್ನ ನಾನು 230ರಲ್ಲಿ ಸ್ಟೂಡೆಂಟ್ ಆಗಿದ್ದಾಗ ಮೂರ್ನಾಲ್ಕು ಸಲ ಮಾಡಿದ್ದೆ ಅಂತ ಆಮೇಲೆ ಹಳೇ ವಿಡಿಯೋ ನೋಡ್ದಾಗ ಗೊತ್ತಾಯ್ತು, ಅದೇ ಮೇಲೆ ಫ್ಲೇರ್, ಅದೇ ಬಲಗೈ. ಅಲ್ಲಿ ಮಂಡಿ ಮಣ್ಣಾಗಿ ಎದ್ದು ನಗ್ತಿದ್ದೆ. ದೊಡ್ಡ ಕ್ಯಾನೊಪಿ ನನ್ನ ಕೆಟ್ಟ ಅಭ್ಯಾಸ ಮುಚ್ಚಿಟ್ಟಿತ್ತು, 150 ಅದನ್ನ ಎಕ್ಸ್‌ರೇಲಿ ತೋರಿಸ್ತು.

ಚಿಕ್ಕದ್ರಲ್ಲಿ ಒಳ್ಳೇದೂ ಇದೆ, ಸುಳ್ಳು ಹೇಳಲ್ಲ. ವೇಗ ಇರೋದ್ರಿಂದ ಫ್ಲೇರಿಗೆ ಎನರ್ಜಿ ಜಾಸ್ತಿ ಸಿಗತ್ತೆ, ಟೈಮಿಂಗ್ ಸರಿ ಇದ್ರೆ ನೆಲದ ಮೇಲೆ ಉದ್ದಕ್ಕೆ ತೇಲ್ಕೊಂಡು ಹೋಗಿ ನಿಲ್ಲೋ ಮಜಾನೇ ಬೇರೆ. ಆದ್ರೆ ಸರಿಯಾದ ಟೈಮಿಂಗಿಗೂ ತಪ್ಪಿಗೂ ನಡುವಿನ ಜಾಗ ಕಿರಿದಾಗತ್ತೆ. ಸ್ಕೈಡೈವಿಂಗಲ್ಲಿ ಪ್ಯಾರಾಚೂಟ್ ತೆರ್ಕೊಳ್ದೇ ಸಾಯ್ತಾರೆ ಅಂತ ಊರಲ್ಲೆಲ್ಲ ಅಂದ್ಕೊಂಡಿದಾರೆ, ಆದ್ರೆ ಚೆನ್ನಾಗಿ ತೆರ್ಕೊಂಡಿರೋ ಕ್ಯಾನೊಪಿ ಕೆಳಗೆ, ನೆಲದ ಹತ್ರ ಜೋರಾಗಿ ತಿರುಗಿಸಿ ಸತ್ತೋರು ಎಷ್ಟೋ ಜನ. ಅಡ್ಡ ಬಂದ ಇನ್ನೊಬ್ರನ್ನ ತಪ್ಪಿಸೋಕೋ, ಗಾಳಿಗೆ ಮುಖ ಮಾಡ್ಬೇಕು ಅನ್ನೋ ಹಠಕ್ಕೋ ಕೊನೇ ಕ್ಷಣದಲ್ಲಿ ಒಂದು ಟಾಗಲ್ ಪೂರ್ತಿ ಎಳೀತಾರೆ. ಗಾಳಿಗೆ ಅಡ್ಡ ಆದ್ರೂ ಪರವಾಗಿಲ್ಲ, ರೆಕ್ಕೆ ಸಮ ಇಟ್ಕೊಂಡು ಇಳೀರಿ.

ತೆರ್ಕೊಳ್ಳೋವಾಗ್ಲೂ ವ್ಯತ್ಯಾಸ ಇದೆ. 240ರಲ್ಲಿ ಲೈನ್ ಟ್ವಿಸ್ಟ್ (ಲೈನ್‌ಗಳು ಹೆಣ್ಕೊಳ್ಳೋದು) ಬಂದ್ರೆ ಕಾಲು ಒದ್ದು ಬಿಡಿಸ್ಕೊಂಡು ಆರಾಮಾಗಿ ಇರ್ಬಹುದು, ಅದು ಸಾಮಾನ್ಯವಾಗಿ ನೇರ ಹಾರ್ತಾ ಇರತ್ತೆ. ಲೋಡಿಂಗ್ ಜಾಸ್ತಿ ಆದಷ್ಟೂ, ಅದ್ರಲ್ಲೂ ಎಲಿಪ್ಟಿಕಲ್ (ತುದಿ ಕಡೆ ಕಿರಿದಾಗೋ ಚುರುಕು ರೆಕ್ಕೆ) ಆಗಿದ್ರೆ, ಅದೇ ಟ್ವಿಸ್ಟ್ ಸುತ್ತೋಕೆ ಶುರು ಮಾಡತ್ತೆ, ಪ್ರತಿ ಸುತ್ತಿಗೂ ಎತ್ತರ ಸರ್ರನೆ ಇಳಿಯತ್ತೆ, ಕಟ್‌ಅವೇ (ಮೇನ್ ಕಳಚಿ ಬಿಟ್ಟು ರಿಸರ್ವ್ ಅನ್ನೋ ತುರ್ತು ಪ್ಯಾರಾಚೂಟಿಗೆ ಹೋಗೋದು) ಮಾಡ್ಬೇಕಾ ಅನ್ನೋ ನಿರ್ಧಾರ ಕೆಲವೇ ಸೆಕೆಂಡಲ್ಲಿ. ಆ 170 ಯಾವ ಮಾಡೆಲ್ ಅಂತ ನೀವು ಬರ್ದಿಲ್ಲ, ಎಲಿಪ್ಟಿಕಲ್ ಆಗಿದ್ರೆ ಈ ಉತ್ತರದಲ್ಲಿರೋ ಪ್ರತಿ ಬೇಡಕ್ಕೂ ಇನ್ನೊಂದು ಬೇಡ ಸೇರಿಸ್ಕೊಳಿ.

ಇನ್ನು ನೀವು ರಜೆಗೆ ಬಂದಾಗ ಮೈಸೂರಲ್ಲೂ ಹಾರ್ಬೇಕು ಅಂದಿದೀರಲ್ಲ, ಅದು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರೀಲಿ ಗಾಳಿ ತೆಳ್ಳಗಿರತ್ತೆ, ಸಮುದ್ರ ತೀರದ 15 ಡಿಗ್ರಿ ಬೆಳಿಗ್ಗೆಗೆ ಹೋಲ್ಸಿದ್ರೆ ಅದೇ ಕ್ಯಾನೊಪಿ, ಅದೇ ನೀವು, ಸುಮಾರು 8 ಪರ್ಸೆಂಟ್ ಜಾಸ್ತಿ ವೇಗದಲ್ಲಿ ನೆಲಕ್ಕೆ ಬರ್ತೀರಿ. ಹೆಚ್ಚುಕಮ್ಮಿ ಒಂದು ಸೈಜ್ ಚಿಕ್ಕ ಕ್ಯಾನೊಪಿ ಹಾರಿಸ್ದಂಗೆ, ಅದೂ ನಿಮಗೆ ಗೊತ್ತಿಲ್ದಂಗೆ.

ಏನ್ ಮಾಡ್ಬೇಕು? ಈಗ 230 ಬಾಡಿಗೆಗೆ ತಗೊಳಿ, ನಿಮಗೆ 0.94. ಆಮೇಲೆ 210, ಅಂದ್ರೆ 1.03, ಅಲ್ಲೇ ನೂರು ಜಂಪ್ ದಾಟೋವರ್ಗೂ ಇರಿ. ಬರೀ ಜಂಪ್ ಎಣಿಸ್ಬೇಡಿ, ನೂರು ಸಲ ಒಂದೇ ಥರ ಇಳಿದ್ರೆ ಒಂದು ಸಲ ಕಲ್ತಂಗೆ. ಬ್ರೇಕಲ್ಲಿಟ್ಕೊಂಡು ಎತ್ತರ ಹೆಚ್ಚು ಕಳ್ಕೊಳ್ದೇ ಚಪ್ಪಟೆಯಾಗಿ ತಿರುಗೋದು, ಫ್ಲೇರ್ ನಡುವೆ ಸ್ವಲ್ಪ ದಿಕ್ಕು ಬದ್ಲಿಸೋದು, ಎಲ್ಲಿ ಸ್ಟಾಲ್ ಆಗತ್ತೆ ಅಂತ ಮೇಲೇ ಹುಡುಕೋದು (3000 ಅಡಿ ಮೇಲೆ, ಅಕ್ಕಪಕ್ಕ ಯಾರೂ ಇಲ್ಲ ಅಂತ ನೋಡ್ಕೊಂಡು), ಗಾಳಿ ಇಲ್ದಿರೋ ದಿನ ನಿಂತ್ಕೊಂಡೇ ಇಳಿಯೋದು, ಗುರಿ ಇಟ್ಟ ಜಾಗದ ಹತ್ತು ಮೀಟರೊಳಗೆ ಸಲಸಲಕ್ಕೂ ಇಳಿಯೋದು. ಇಷ್ಟೂ ಈಗಿರೋ ಕ್ಯಾನೊಪೀಲಿ ಬಂದ್ರೆ ಕೋಚ್ ಹತ್ರ ಕೂತು ಒಂದು ಸೈಜ್ ಇಳಿಯೋ ಮಾತಾಡಿ. ಪ್ರತಿ ಲ್ಯಾಂಡಿಂಗ್ ಯಾರ ಕೈಲಾದ್ರೂ ವಿಡಿಯೋ ಮಾಡ್ಸಿ, ನನ್ನ ಬಲಗೈ ಥರ ನಿಮ್ದೂ ಏನೋ ಒಂದು ಇರತ್ತೆ.

ರಿಗ್ ಕೊಳ್ಳೋ ಆಸೆ ತಡೆಯಕ್ಕಾಗ್ತಿಲ್ಲ ಅಂದ್ರೆ ಒಂದು ಗೊತ್ತಿರ್ಲಿ, ಕ್ಯಾನೊಪಿ ಮಡಚಿಡೋ ಕಂಟೇನರ್ ಅನ್ನೋದು ಬರೀ ಚೀಲ ಅಲ್ಲ, ಇಂಥಿಂಥ ಸೈಜಿಗೆ ಅಂತ ಹೊಲ್ದಿರ್ತಾರೆ. 170ಕ್ಕೆ ಹೊಲ್ದಿದ್ರಲ್ಲಿ 210 ತುರುಕೋಕೆ ಆಗಲ್ಲ, ಆ ಕಂಟೇನರ್ ತಗೊಂಡ್ರೆ ಅದೇ ನಿಮ್ಮನ್ನ ಚಿಕ್ಕ ಕ್ಯಾನೊಪಿಗೆ ಎಳ್ಕೊಂಡು ಹೋಗತ್ತೆ, ದುಡ್ಡು ಹಾಕಿದೀನಲ್ಲ ಅಂತ. ಇನ್ನು ಒಳಗಿನ ರಿಸರ್ವ್ ಸೈಜ್ ಎಷ್ಟು ಅಂತ ಅವ್ರನ್ನ ಮೊದ್ಲು ಕೇಳಿ. ಪ್ರಜ್ಞೆ ತಪ್ಪಿ ಎಎಡಿ ಅನ್ನೋ ಯಂತ್ರ ತಾನೇ ರಿಸರ್ವ್ ತೆಗೆದ್ರೆ ಫ್ಲೇರ್ ಮಾಡೋಕೆ ನೀವು ಇರಲ್ಲ, ಬ್ರೇಕ್ ಅರ್ಧ ಕಟ್ಟಿದ್ದು ಹಂಗೇ ಇರತ್ತೆ, ಅದು ಎಲ್ಲಿ ಇಳ್ಸತ್ತೋ ಅಲ್ಲಿ ಇಳೀತೀರಿ. 143 ಅಂತ ಹೇಳಿದ್ರೆ ನಿಮ್ಮ 216 ಪೌಂಡಿಗೆ ಅದು 1.5 ಲೋಡಿಂಗ್. ಥ್ಯಾಂಕ್ಸ್ ಹೇಳಿ ಫೋನ್ ಇಡಿ.