ಪಿಕಪ್‌ನ ಹಿಂದಿನ ಆಕ್ಸಲ್: ಸದ್ದು ಒಂದು, ಸೋರಿಕೆ ಇನ್ನೊಂದು

ಪ್ರಶ್ನೆ: ನನ್ನ ಪಿಕಪ್‌ನಲ್ಲಿ ಚಿಂತಾಮಣಿಯಿಂದ ಬೆಂಗಳೂರಿಗೆ ಟೊಮೆಟೊ ಸಾಗಿಸುತ್ತೇನೆ. ಗಂಟೆಗೆ 50 ಕಿ.ಮೀ. ದಾಟಿ ಆಕ್ಸಿಲರೇಟರ್ ಒತ್ತಿದಾಗ ಹಿಂದಿನಿಂದ ಕುಂಯ್ ಎಂಬ ಸದ್ದು ಬರುತ್ತದೆ. ಕಾಲು ತೆಗೆದರೆ ನಿಲ್ಲುತ್ತದೆ. ಎಡ ಹಿಂಚಕ್ರದ ಒಳಮಗ್ಗುಲಲ್ಲಿ ಎಣ್ಣೆಯ ಪಸೆಯೂ ಇದೆ. ಕ್ರೌನ್-ಪಿನಿಯನ್ (ಎಂಜಿನ್ನಿನ ತಿರುಗುವಿಕೆಯನ್ನು ಹಿಂಚಕ್ರಗಳಿಗೆ ದಾಟಿಸುವ ಹಲ್ಲುಚಕ್ರಗಳ ಜೋಡಿ) ಬದಲಿಸಲೇಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಇದು ಸರಿಯೇ?
– ಒಬ್ಬ ಓದುಗರು, ಚಿಂತಾಮಣಿ

ಉತ್ತರ: ಸದ್ದಿಗಿಂತ ಮೊದಲು ಎಣ್ಣೆಯ ಕಡೆ ಗಮನ ಕೊಡಿ. ಅದು ಆಕ್ಸಲ್ ಸೀಲ್ ದಾಟಿ ಬಂದ ಹೌಸಿಂಗ್ ಆಯಿಲ್ (ಆಕ್ಸಲ್‌ನ ಕವಚದೊಳಗಿನ ಗೇರ್ ಆಯಿಲ್) ಇರಬಹುದು, ಬ್ರೇಕ್ ಆಯಿಲ್ ಕೂಡ ಇರಬಹುದು. ಹೌಸಿಂಗ್ ಆಯಿಲ್ ಮಂದವಾಗಿದ್ದು ಗಂಧಕದಂಥ ಘಾಟು ಹೊಡೆಯುವುದರಿಂದ ಗುರುತಿಸುವುದು ಕಷ್ಟವಲ್ಲ. ಎರಡರಲ್ಲಿ ಯಾವುದಾದರೂ ಬ್ರೇಕ್ ಲೈನಿಂಗ್‌ಗೆ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪದರಕ್ಕೆ) ತಗುಲಿದರೆ ಆ ಚಕ್ರದ ಬ್ರೇಕ್ ಸರಿಯಾಗಿ ಹಿಡಿಯದು. ಆದ್ದರಿಂದ ಡ್ರಮ್ ಬಿಚ್ಚಿಸಿ ನೋಡುವವರೆಗೆ ಲೋಡ್ ಹಾಕಬೇಡಿ. ಎಣ್ಣೆ ಹೀರಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಕೂರಿಸುವವರಿದ್ದಾರೆ, ದಯವಿಟ್ಟು ಒಪ್ಪಬೇಡಿ. ಸೀಲ್ ಬದಲಿಸುವಾಗ ಹೌಸಿಂಗ್ ಮೇಲಿನ ಬ್ರೀದರ್ (ಗಾಳಿಯಾಡುವ ಕಿಂಡಿ) ಮಣ್ಣಿನಿಂದ ಕಟ್ಟಿಕೊಂಡಿದೆಯೇ ಎಂಬುದನ್ನೂ ನೋಡಿಸಿ, ಏಕೆಂದರೆ ಅದು ಮುಚ್ಚಿದ್ದರೆ ಬಿಸಿಯಾದ ಗಾಳಿಗೆ ಹೊರದಾರಿ ಸಿಗದೆ ಒಳಗಿನ ಒತ್ತಡ ಹೆಚ್ಚಿ, ಹೊಸ ಸೀಲೂ ಸೋರತೊಡಗುತ್ತದೆ. ಆಕ್ಸಲ್ ಬೇರಿಂಗ್ ಸಡಿಲವಿದ್ದರೂ ಫಲ ಇದೇ.

ಇನ್ನು ಸದ್ದಿನ ವಿಷಯ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬರುವ ಸದ್ದು ಹೆಚ್ಚಾಗಿ ಪಿನಿಯನ್ ಮತ್ತು ಕ್ರೌನ್ ಹಲ್ಲುಗಳು ಸರಿಯಾಗಿ ಕೂಡುತ್ತಿಲ್ಲವೆಂಬುದರ ಸೂಚನೆಯಾದ್ದರಿಂದ, ನಿಮ್ಮ ಮೆಕ್ಯಾನಿಕ್ಕರ ಅನುಮಾನ ಆಧಾರವಿಲ್ಲದ್ದೇನಲ್ಲ. (ತಿರುವಿನಲ್ಲಷ್ಟೇ ಬಂದಿದ್ದರೆ ಒಳಗಿನ ಚಿಕ್ಕ ಗೇರುಗಳನ್ನೋ ವೀಲ್ ಬೇರಿಂಗನ್ನೋ ಶಂಕಿಸಬೇಕಿತ್ತು.) ಆದರೆ ಹಲ್ಲು ಸವೆಯದೆ, ಪಿನಿಯನ್ ಬೇರಿಂಗ್ ಮಾತ್ರ ಸವೆದು ಪಿನಿಯನ್ ತನ್ನ ಜಾಗದಿಂದ ಸರಿದಿದ್ದರೂ ಇದೇ ಸದ್ದು ಬರುತ್ತದೆ. ಆದ್ದರಿಂದ ನಿಮ್ಮೆದುರೇ ಆಯಿಲ್ ಇಳಿಸಿಸಿ. ಡ್ರೇನ್ ಬೋಲ್ಟಿಗೆ ಅಯಸ್ಕಾಂತವಿದ್ದರೆ ಅದರ ಮೇಲೆ ಬೂದುಬಣ್ಣದ ನುಣ್ಣನೆಯ ಮಡ್ಡಿ ಕೂತಿರುವುದು ಸಹಜ. ಬೆರಳಿಗೆ ಚುಚ್ಚುವ ಲೋಹದ ಚೂರುಗಳು ಸಿಕ್ಕರೆ ಹೌಸಿಂಗ್ ಬಿಚ್ಚಲೇಬೇಕು. ಮಟ್ಟ ತೀರ ಇಳಿದಿತ್ತೇ ಎಂಬುದನ್ನೂ ಆಗಲೇ ತಿಳಿಯಬಹುದು. ತುಂಬುವಾಗ ಕೈಪಿಡಿ ಹೇಳಿದ ದರ್ಜೆಯನ್ನೇ ಕೇಳಿ ಪಡೆಯಿರಿ. ಇಂಥ ಆಕ್ಸಲ್‌ಗಳಿಗೆ ಅದು ಸಾಮಾನ್ಯವಾಗಿ ಜಿಎಲ್-5 ಆಗಿರುತ್ತದೆ. ಅಂಗಡಿಯಲ್ಲಿ ಕೈಗೆ ಸಿಕ್ಕಿದ ಗೇರ್ ಆಯಿಲ್ ಹಾಕಿದರೆ, ಒಂದರ ಮೇಲೊಂದು ಜಾರುತ್ತ ಕೂಡುವ ಈ ಹಲ್ಲುಗಳು ಬೇಗ ಸವೆಯುತ್ತವೆ.

ಬದಲಿಸಲೇಬೇಕಾಗಿ ಬಂದರೆ ಕ್ರೌನ್ ಮತ್ತು ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಕೊಳ್ಳಿ. ಗುಜರಿಯಿಂದ ಒಂದನ್ನು ತಂದು ಹಳೆಯದಕ್ಕೆ ಕೂಡಿಸಿದರೆ ಸದ್ದು ಹೋಗುವುದಿಲ್ಲ. ಹಲ್ಲುಗಳ ನಡುವಿನ ಸಡಿಲವನ್ನು ಕೈಯಲ್ಲಿ ಅಲುಗಾಡಿಸಿ ಅಂದಾಜು ಮಾಡದೆ ಡಯಲ್ ಗೇಜ್‌ನಿಂದ ಅಳೆಯುವ ವರ್ಕ್‌ಶಾಪನ್ನೇ ಹುಡುಕಿ, ಖರ್ಚು ಕೇಳುವಾಗ ಬೇರಿಂಗ್, ಸೀಲ್ ಮತ್ತು ಶಿಮ್‌ಗಳನ್ನೂ (ಅಂತರ ಹೊಂದಿಸುವ ತೆಳು ಬಿಲ್ಲೆಗಳನ್ನೂ) ಸೇರಿಸಿ ಹೇಳುವಂತೆ ಕೇಳಿ.