ಲೈನ್‌ಬ್ಯಾಕರ್‌ನನ್ನು ಕೂರಿಸುವ ಮೊದಲು ಅವನ ಮುಂದೆ ನಿಂತವನನ್ನು ನೋಡಿ

ಬದಲಾಯಿಸಬೇಡಿ. ಈ ವಾರವಂತೂ ಖಂಡಿತ ಬೇಡ.

ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದ ರಕ್ಷಣೆಯಲ್ಲಿ ನಡುವೆ ನಿಲ್ಲುವ ಮಿಡಲ್ ಲೈನ್‌ಬ್ಯಾಕರ್ ಚೆಂಡಿನ ಬಳಿಗೆ ತಡವಾಗಿ ತಲುಪುತ್ತಾನೆ, ಅವನ ಟ್ಯಾಕಲ್‌ಗಳೆಲ್ಲ (ಚೆಂಡಿನವನನ್ನು ಹಿಡಿದು ಕೆಡವುವುದು) ಎದುರಾಳಿ ಆರೇಳು ಗಜ ಒಳಗೆ ನುಗ್ಗಿದ ಮೇಲೆ ಆಗುತ್ತವೆ, ಬೆಂಚಿನಲ್ಲಿ ಅವನಿಗಿಂತ ವೇಗದ ಹುಡುಗ ಕಾದು ಕುಳಿತಿದ್ದಾನೆ, ಏನು ಮಾಡುವುದು ಎಂದು ಕೇಳಿದ್ದೀರಿ. ಇದೇ ಮಾತನ್ನು ನಾನೊಮ್ಮೆ ಒಬ್ಬ ಕೋಚ್ ಮುಂದೆ ಬಣ್ಣ ಹಚ್ಚಿದ ಕೋಷ್ಟಕದ ಸಮೇತ ಹೇಳಿದ್ದೆ. ಅವರು ನಂಬಿದರು. ಅದರ ಫಲವನ್ನು ಇಡೀ ತಂಡ ಉಂಡಿತು.

ನಾನು ಮಂಡ್ಯದ ಕಡೆಯವನು. ಅಮೆರಿಕನ್ ಫುಟ್‌ಬಾಲನ್ನು ಆಡಿದವನಲ್ಲ. ಕಾಲೇಜಿನಲ್ಲಿ ಕಬಡ್ಡಿ ಆಡಿದ್ದೆ, ಕವರ್ ಸ್ಥಾನದಲ್ಲಿ. ಕೆಲಸದ ಮೇಲೆ ಟೆಕ್ಸಾಸ್‌ಗೆ ಬಂದು ಡಲ್ಲಾಸ್‌ನ ಉತ್ತರಕ್ಕೆ ಮನೆ ಮಾಡಿದ ಮೇಲೆ ಮಗಳು ಹೈಸ್ಕೂಲಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸತೊಡಗಿದಳು. ಟೆಕ್ಸಾಸ್‌ನಲ್ಲಿ ಮಕ್ಕಳು ಬ್ಯಾಂಡಿಗೆ ಸೇರಿದರೆ ಹೆತ್ತವರಿಗೆ ಶುಕ್ರವಾರದ ಸಂಜೆ ಎಂಬುದು ಉಳಿಯುವುದಿಲ್ಲ. ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಮೈದಾನವೇ ಗತಿ. ಕಂಪ್ಯೂಟರ್ ಬಲ್ಲವನು ಎಂಬ ಒಂದೇ ಕಾರಣಕ್ಕೆ ಪಂದ್ಯದ ವಿಡಿಯೊ ತೆಗೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ವಿಡಿಯೊ ತೆಗೆಯುವವನು ಅದನ್ನು ತುಂಡು ಮಾಡುವವನಾದ. ತುಂಡು ಮಾಡುವವನು ಅಂಕಿ ಅಂಶ ಬರೆಯುವವನಾದ. ಅಂಕಿ ಬರೆಯುವವನಿಗೆ ಅಭಿಪ್ರಾಯ ಹುಟ್ಟದೆ ಇರುತ್ತದೆಯೇ?

ಆಟ ಗೊತ್ತಿಲ್ಲದವರೂ ಇಲ್ಲಿ ಓದುತ್ತಿರಬಹುದು, ಅವರಿಗಾಗಿ ಎರಡು ಮಾತು. ಎದುರಾಳಿ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಬರಬೇಕು, ನಮ್ಮ ಹನ್ನೊಂದು ಮಂದಿ ತಡೆಯಬೇಕು. ನಮ್ಮ ತಂಡದ ರಕ್ಷಣೆಯಲ್ಲಿ ಮುಂಚೂಣಿಗೆ ನಾಲ್ವರು ದಡೂತಿ ಹುಡುಗರು, ಅವರ ಹಿಂದೆ ನಾಲ್ಕೈದು ಗಜ ಬಿಟ್ಟು ಮೂವರು ಲೈನ್‌ಬ್ಯಾಕರ್‌ಗಳು. ನಡುವಿನವನನ್ನು ಮೈದಾನದ ಭಾಷೆಯಲ್ಲಿ ಮೈಕ್ ಎನ್ನುತ್ತಾರೆ. ಎದುರಾಳಿಯ ಟೈಟ್ ಎಂಡ್, ಅಂದರೆ ಅವರ ಮುಂಚೂಣಿಯ ತುದಿಯಲ್ಲಿ ನಿಂತು ಪಾಸನ್ನೂ ಹಿಡಿಯುವವನು, ಯಾವ ಬದಿಗಿದ್ದಾನೆ, ನಮ್ಮವರು ಯಾವ ಕಡೆಗೆ ವಾಲಬೇಕು ಎಂದು ಕೂಗಿ ಹೇಳುವವನು ಅವನೇ. ವೃತ್ತಿಪರರ ಎನ್‌ಎಫ್‌ಎಲ್‌ನಲ್ಲಿ 2008ರಿಂದ ರಕ್ಷಣೆಯ ಒಬ್ಬ ಆಟಗಾರನ ಹೆಲ್ಮೆಟ್ಟಿನೊಳಗೆ ರೇಡಿಯೊ ಇರುತ್ತದೆ, ಗುರುತಿಗೆ ಹಿಂಬದಿಯಲ್ಲೊಂದು ಹಸಿರು ಚುಕ್ಕೆ. ಹೆಚ್ಚಾಗಿ ಆ ಚುಕ್ಕೆ ಮೈಕ್‌ನ ತಲೆಯ ಮೇಲೇ ಕಾಣುತ್ತದೆ. ನಮ್ಮ ಶಾಲೆಯಲ್ಲಿ ರೇಡಿಯೊ ಎಲ್ಲಿಂದ ಬರಬೇಕು? ಕೋಚ್ ಗೆರೆಯಾಚೆ ನಿಂತು ಕೈಸನ್ನೆ ಮಾಡುತ್ತಿದ್ದರು, ಮೈಕ್ ಅದನ್ನು ಓದಿ ಉಳಿದ ಹತ್ತು ಮಂದಿಗೆ ಕೂಗುತ್ತಿದ್ದ.

ನಮ್ಮ ಮೈಕ್ ಕೊನೆಯ ವರ್ಷದ ವಿದ್ಯಾರ್ಥಿ. ಗಟ್ಟಿ ಹುಡುಗ, ಮಾತು ಕಡಿಮೆ, ಓಟದಲ್ಲಿ ಸಾಧಾರಣ. ಹಿಂದಿನ ವರ್ಷ ಚೆನ್ನಾಗಿ ಆಡಿದ್ದವನು ಆ ವರ್ಷ ಮೂರನೆಯ ಪಂದ್ಯದಿಂದ ಎಲ್ಲ ಕಡೆಗೂ ತಡವಾಗತೊಡಗಿದ. ಗ್ಯಾಲರಿಯಲ್ಲಿ ಗುಸುಗುಸು ಆರಂಭವಾಯಿತು. ನಾನು ಮನೆಯಲ್ಲಿ ಕುಳಿತು ಪ್ರತಿ ಆಟವನ್ನೂ ತುಂಡು ಮಾಡಿ ಬರೆದೆ: ಯಾರು ಹಿಡಿದರು, ಎಷ್ಟು ಗಜ ಒಳಗೆ ಹಿಡಿದರು, ಯಾರ ಕೈ ಜಾರಿತು. ಮೈಕ್ ಹೆಸರಿನ ಮುಂದೆ ಕೆಂಪೇ ಕೆಂಪು. ಅಭ್ಯಾಸದ ವಿಡಿಯೊದಲ್ಲಿ ಎರಡನೆಯ ತಂಡದ ಹುಡುಗನೊಬ್ಬ ಅದೇ ಜಾಗದಿಂದ ಬಾಣದಂತೆ ನುಗ್ಗಿ ಎರಡೇ ಗಜಕ್ಕೆ ಹಿಡಿಯುತ್ತಿದ್ದ. ಅವನ ಮುಂದೆ ಹಸಿರು. ಇಷ್ಟು ಸಾಕಾಯಿತು. ಕೋಚ್ ಬದಲಾವಣೆ ಮಾಡಿದರು.

ಎಡವಿದ್ದು ಎಲ್ಲಿ ಎಂಬುದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯನ್ನು ನೋಡಿದರೆ ನೀವೂ ಅದೇ ಕಲ್ಲಿನತ್ತ ನಡೆಯುತ್ತಿದ್ದೀರಿ.

ಪಂದ್ಯವನ್ನು ಎರಡು ಕಡೆಯಿಂದ ಚಿತ್ರೀಕರಿಸುತ್ತಾರೆ. ಒಂದು ಮೈದಾನದ ಪಕ್ಕದಿಂದ, ಎತ್ತರದಲ್ಲಿ ಕುಳಿತು, ಟಿವಿಯಲ್ಲಿ ಕಾಣುವಂತೆ. ಇನ್ನೊಂದು ಗೋಲಿನ ಹಿಂದಿನಿಂದ, ಎತ್ತರದ ಕಂಬಕ್ಕೆ ಸಿಕ್ಕಿಸಿದ ಕ್ಯಾಮೆರಾದಲ್ಲಿ. ಪಕ್ಕದ ನೋಟದಲ್ಲಿ ಚೆಂಡು ಸ್ಪಷ್ಟ, ಓಟ ಸ್ಪಷ್ಟ, ನೋಡಲು ಸೊಗಸು. ಆದರೆ ಎರಡೂ ತಂಡಗಳ ಮುಂಚೂಣಿ ಒಂದರ ಮೇಲೊಂದು ಬಿದ್ದ ಗೋಣಿಚೀಲಗಳ ರಾಶಿಯಾಗಿ ಕಾಣುತ್ತದೆ. ಯಾರು ಯಾರನ್ನು ತಳ್ಳುತ್ತಿದ್ದಾರೆ ತಿಳಿಯುವುದಿಲ್ಲ. ಹಿಂದಿನ ನೋಟದಲ್ಲಿ ಚೆಂಡು ಕಾಣುವುದೇ ಕಷ್ಟ, ಬೇಸರ ಹುಟ್ಟಿಸುತ್ತದೆ, ಆದರೆ ಪ್ರತಿಯೊಬ್ಬನ ನಡುವಿನ ಸಂದು, ಅಂದರೆ ಗ್ಯಾಪ್, ಬಿಡಿಬಿಡಿಯಾಗಿ ಕಾಣುತ್ತದೆ. ನಮ್ಮಲ್ಲಿ ಎರಡೂ ಇದ್ದವು. ನಾನು ಎರಡನೆಯದನ್ನು ತೆರೆಯಲೇ ಇಲ್ಲ. ಕೋಷ್ಟಕ ತುಂಬಲು ಬೇಕಾದದ್ದೆಲ್ಲ ಮೊದಲನೆಯದರಲ್ಲೇ ಸಿಗುತ್ತಿತ್ತು: ಹಿಡಿದವನ ಅಂಗಿಯ ಸಂಖ್ಯೆ, ಗಜದ ಗುರುತು. ಆಟ ಮುಗಿದ ಕ್ಷಣವನ್ನಷ್ಟೇ ಬರೆದುಕೊಂಡೆ. ಅದು ಶುರುವಾದ ಮೊದಲ ಒಂದು ಸೆಕೆಂಡು ನನ್ನ ಕೋಷ್ಟಕದಲ್ಲಿ ಎಲ್ಲಿಯೂ ಇರಲಿಲ್ಲ.

ಆ ಒಂದು ಸೆಕೆಂಡಿನಲ್ಲಿ ನಡೆಯುತ್ತಿದ್ದುದು ಇದು. ಎರಡನೆಯ ಪಂದ್ಯದಲ್ಲಿ ನಮ್ಮ ನೋಸ್ ಟ್ಯಾಕಲ್, ಅಂದರೆ ಎದುರಾಳಿಯ ಮುಂಚೂಣಿಯ ನಡುವಿನ ಸೆಂಟರ್‌ನ ಮೂಗಿನ ಮುಂದೆ ನಿಲ್ಲುವ ದೈತ್ಯ ಹುಡುಗ, ಪಾದದ ಕೀಲು ಹೊರಳಿಸಿಕೊಂಡು ಹೊರಗುಳಿದಿದ್ದ. ಅವನಿದ್ದಾಗ ಅವನೊಬ್ಬನನ್ನು ಹಿಡಿದಿಡಲು ಎದುರಾಳಿಗೆ ಇಬ್ಬರು ಬೇಕಾಗುತ್ತಿತ್ತು, ಸೆಂಟರ್ ಮತ್ತು ಅವನ ಪಕ್ಕ ನಿಲ್ಲುವ ಗಾರ್ಡ್. ಇಬ್ಬರೂ ಅವನಲ್ಲಿ ಸಿಕ್ಕಿಕೊಂಡರೆ ಹಿಂದಿರುವ ಮೈಕ್‌ನ ಮೈ ಮುಟ್ಟುವವರಿಲ್ಲ. ಅವನು ಆರಾಮವಾಗಿ ನೋಡಿ, ಹೆಜ್ಜೆ ಇಟ್ಟು, ಹಿಡಿಯಬಹುದು. ನೋಸ್ ಜಾಗಕ್ಕೆ ಬಂದ ಹೊಸ ಹುಡುಗ ತೂಕದಲ್ಲಿ ತೀರಾ ಕಡಿಮೆ. ಸೆಂಟರ್ ಒಬ್ಬನೇ ಅವನನ್ನು ಸಂಭಾಳಿಸುತ್ತಿದ್ದ. ಹಾಗಾಗಿ ಗಾರ್ಡ್‌ಗೆ ಕೆಲಸವಿಲ್ಲ. ನೇರವಾಗಿ ಬಂದು ನಮ್ಮ ಮೈಕ್‌ನ ಎದೆಗೆ ಗುದ್ದುತ್ತಿದ್ದ. ಪ್ರತಿ ಆಟದಲ್ಲೂ ಮೈಕ್ ಮೊದಲು ಆ ಗಾರ್ಡ್‌ನನ್ನು ಕಳಚಿಕೊಂಡು, ಆಮೇಲೆ ಚೆಂಡಿನವನ ಕಡೆಗೆ ಓಡಬೇಕು. ಆರು ಗಜ ಒಳಗೆ ಹಿಡಿದ ಎಂದು ನಾನು ಕೆಂಪು ಹಚ್ಚಿದೆನಲ್ಲ, ಅವನು ಹಿಡಿಯದೆ ಹೋಗಿದ್ದರೆ ಅವು ಮೂವತ್ತು ಗಜದ ಓಟಗಳಾಗುತ್ತಿದ್ದವು.

ಕಬಡ್ಡಿ ಆಡಿದವನಿಗೆ ಇದು ಹೊಳೆಯಬೇಕಿತ್ತು. ಮೂಲೆಯವನ ಕೈಯಲ್ಲಿ ರೈಡರ್‌ನ ಕಾಲು ನಿಲ್ಲದಿದ್ದರೆ ಕವರ್‌ನವನು ಎಷ್ಟು ಜೋರಾಗಿ ಮೈಮೇಲೆ ಬಿದ್ದರೂ ರೈಡರ್ ಗೆರೆ ಮುಟ್ಟಿಯೇ ಮುಟ್ಟುತ್ತಾನೆ, ನೋಡುವವರು ಮಾತ್ರ ಕವರ್‌ನವನನ್ನು ಬೈಯುತ್ತಾರೆ. ಆ ಬೈಗುಳ ನಾನೇ ತಿಂದಿದ್ದೆ.

ಇನ್ನು ಬೆಂಚಿನ ಹುಡುಗನ ಹಸಿರು ಬಣ್ಣದ ಕತೆ. ಅಭ್ಯಾಸದಲ್ಲಿ ಅವನ ಎದುರು ಆಡುತ್ತಿದ್ದುದು ನಮ್ಮದೇ ಎರಡನೆಯ ತಂಡದ ಗಾರ್ಡ್‌ಗಳು. ಅವರು ಅವನನ್ನು ತಲುಪುತ್ತಲೇ ಇರಲಿಲ್ಲ. ದಾರಿ ಖಾಲಿಯಿದ್ದರೆ ವೇಗದವನು ವೇಗವಾಗಿಯೇ ಕಾಣುತ್ತಾನೆ.

ಬದಲಾವಣೆಯಾದ ಮೊದಲ ಪಂದ್ಯದ ಎದುರಾಳಿಗಳು ಗಾರ್ಡ್‌ಗಳನ್ನು ಅಡ್ಡಡ್ಡ ಓಡಿಸಿ, ಚೆಂಡನ್ನು ಒಬ್ಬನಿಗೆ ಕೊಟ್ಟಂತೆ ತೋರಿಸಿ ಇನ್ನೊಬ್ಬನಿಗೆ ಕೊಡುವ ಹಳೆಯ ಶೈಲಿಯ ತಂಡ. ಇಂಥವರ ಎದುರು ಮೈಕ್ ಚೆಂಡನ್ನು ನೋಡಬಾರದು, ಗಾರ್ಡ್‌ಗಳ ಸೊಂಟ ಯಾವ ಕಡೆ ತಿರುಗುತ್ತದೆ ಎಂಬುದನ್ನು ನೋಡಬೇಕು. ಹಳೆಯ ಮೈಕ್‌ಗೆ ಅದು ಗೊತ್ತಿತ್ತು. ಹೊಸಬ ಚೆಂಡನ್ನು ನೋಡಿದ. ಪ್ರತಿ ಸುಳ್ಳು ಓಟದ ಹಿಂದೆಯೂ ತನ್ನ ಅಷ್ಟೂ ವೇಗವನ್ನು ಖರ್ಚು ಮಾಡಿ ಓಡಿದ. ಅವನು ಖಾಲಿ ಬಿಟ್ಟ ಜಾಗಕ್ಕೆ ಟೈಟ್ ಎಂಡ್ ಬಂದು ನಿಂತು ಮತ್ತೆ ಮತ್ತೆ ಪಾಸ್ ಹಿಡಿದ. ಅದಕ್ಕಿಂತ ಕೆಟ್ಟದ್ದು ಕೂಗು ನಿಂತದ್ದು. ಕೈಸನ್ನೆ ಓದುವುದರೊಳಗೆ ಚೆಂಡು ಎದ್ದಿರುತ್ತಿತ್ತು. ಎಲ್ಲರಿಗಿಂತ ಹಿಂದೆ ನಿಂತು ಕಾಯುವ ನಮ್ಮ ಸೇಫ್ಟಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲುತ್ತಿದ್ದರು. ಮರುವಾರ ಇನ್ನೊಂದು ತಂಡ ಬಂತು, ಅದೇ ವಿಡಿಯೊ ನೋಡಿಕೊಂಡು ಬಂದಿತ್ತು, ಅದೇ ಆಟ ಆಡಿತು. ಜಿಲ್ಲೆಯ ಮೊದಲ ನಾಲ್ಕು ತಂಡಗಳಿಗೆ ಪ್ಲೇ ಆಫ್; ನಾವು ಐದನೆಯವರಾಗಿ ಉಳಿದೆವು.

ಹಳೆಯ ಮೈಕ್‌ನನ್ನು ಕೊನೆಗೆ ಮರಳಿ ಕರೆದರು. ಅವನು ಬಂದು ಆಡಿದ, ಕೂಗಲಿಲ್ಲ. ಸನ್ನೆಯನ್ನು ಓದಿ ಪಕ್ಕದವನಿಗೆ ಹೇಳಿ ಸುಮ್ಮನಾಗುತ್ತಿದ್ದ. ಹದಿನೇಳು ವರ್ಷದ ಹುಡುಗನಿಂದ ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನಮಗಿರಲಿಲ್ಲ. ವೇಗದ ಹುಡುಗ ಮರುವರ್ಷ ಫುಟ್‌ಬಾಲ್ ಬಿಟ್ಟು ಓಟದ ತಂಡ ಸೇರಿದ.

ದೊಡ್ಡವರ ಆಟದಲ್ಲೂ ಲೆಕ್ಕ ಬೇರೆಯೇನಲ್ಲ. ಎನ್‌ಎಫ್‌ಎಲ್‌ನಲ್ಲಿ 2000ದ ಬಾಲ್ಟಿಮೋರ್ ರೇವನ್ಸ್ ತಂಡ ಹದಿನಾರು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಒಟ್ಟು 165 ಅಂಕ, ಓಟದಲ್ಲಿ 970 ಗಜ. ಎಲ್ಲರಿಗೂ ನೆನಪಿರುವುದು ನಡುವಿನ ಲೈನ್‌ಬ್ಯಾಕರ್ ರೇ ಲೂಯಿಸ್. ಆ ಋತುವಿನ ಫೈನಲ್ ಆದ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವನಿಗೇ. ಅವನ ಮುಂದೆ ಟೋನಿ ಸಿರಗೂಸ ಮತ್ತು ಸ್ಯಾಮ್ ಆ್ಯಡಮ್ಸ್ ಎಂಬ ಇಬ್ಬರು ಗುಡ್ಡದಂತೆ ನಿಂತಿದ್ದರು, ತಲಾ ಸುಮಾರು 150 ಕಿಲೋ. ಲೂಯಿಸ್ ಅಸಾಮಾನ್ಯ ಆಟಗಾರ, ಅನುಮಾನವೇ ಇಲ್ಲ. ಆದರೂ 2006ರಲ್ಲಿ ಅದೇ ತಂಡ ಡ್ರಾಫ್ಟಿನ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿಯ, 12ನೆಯ ಆಯ್ಕೆಯಲ್ಲಿ ಹಲೋಟಿ ನಾಟಾ ಎಂಬ ಮತ್ತೊಬ್ಬ ದೈತ್ಯನನ್ನು ತಂದು ಅವನ ಮುಂದೆ ನಿಲ್ಲಿಸಿತು.

ಬೆಂಚಿನ ಹುಡುಗನ ವೇಗವನ್ನು ನೀವು ತುಂಬ ಹೊಗಳಿದ್ದೀರಿ. ಲೈನ್‌ಬ್ಯಾಕರ್‌ನನ್ನು ಮೈಕಟ್ಟಿನಿಂದ ಅಳೆದು ಎಡವಿದವರು ಬೇಕಾದಷ್ಟು ಮಂದಿ. ಸ್ಯಾಮ್ ಮಿಲ್ಸ್ ಎತ್ತರ ಐದಡಿ ಒಂಬತ್ತು ಅಂಗುಲ. ಡ್ರಾಫ್ಟಿನಲ್ಲಿ ಯಾರೂ ಆರಿಸಲಿಲ್ಲ, ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕೈಬಿಟ್ಟಿತು, ಕೆನಡಾದ ಟೊರೊಂಟೊ ತಂಡವೂ ಕೈಬಿಟ್ಟಿತು. ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದವನು ಯುಎಸ್‌ಎಫ್‌ಎಲ್ ಎಂಬ ಹೊಸ ಲೀಗಿನಲ್ಲಿ ಮೇಲೆದ್ದು, 1986ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಸೇರಿ, 2022ರಲ್ಲಿ ಆಟದ ಮಹನೀಯರ ಹಾಲ್ ಆಫ್ ಫೇಮ್‌ಗೂ ಸೇರಿದ. ಬದುಕಿದ್ದಾಗ ಅದನ್ನು ನೋಡಲು ಆಗಲಿಲ್ಲ ಎನ್ನುವುದು ಬೇರೆ ಮಾತು.

ಈಗ ನಿಮ್ಮ ಹುಡುಗನ ವಿಷಯ. ಗೋಲಿನ ಹಿಂದಿನ ವಿಡಿಯೊ ತೆರೆಯಿರಿ. ಚೆಂಡನ್ನು ನೋಡಬೇಡಿ, ಮೈಕ್‌ನ ಮೊದಲ ಎರಡು ಹೆಜ್ಜೆಗಳನ್ನಷ್ಟೇ ನೋಡಿ. ಹೆಜ್ಜೆ ಸರಿಯಾದ ಕಡೆಗಿದ್ದು ಮೈಮೇಲೆ ಗಾರ್ಡ್ ಬಂದು ಬೀಳುತ್ತಿದ್ದರೆ ತೊಂದರೆ ಅವನ ಮುಂದಿದೆ. ನೋಸ್ ಜಾಗಕ್ಕೆ ಭಾರದವನನ್ನು ಹುಡುಕಿ. ಸಿಗದಿದ್ದರೆ ಮುಂಚೂಣಿಯನ್ನು ನಿಂತಲ್ಲೇ ಹೋರಾಡಿಸುವ ಬದಲು ಒಂದು ಬದಿಗೆ ಓರೆಯಾಗಿ ನುಗ್ಗಿಸಿ, ಗಾರ್ಡ್‌ಗೆ ಯಾರನ್ನು ತಡೆಯಬೇಕೆಂಬ ಗೊಂದಲ ಹುಟ್ಟಲಿ. ಹೆಜ್ಜೆಯೇ ತಪ್ಪು ಕಡೆಗಿದ್ದರೆ ಅವನಿಗೆ ಓದುವುದನ್ನು ಸರಿಯಾಗಿ ಕಲಿಸಿಲ್ಲ ಎಂದರ್ಥ, ಅದು ಕೋಚ್ ಕೆಲಸ. ಹೆಜ್ಜೆ ಸರಿ, ತಡೆಯುವವರಿಲ್ಲ, ಆದರೂ ಕೈ ಜಾರುತ್ತಿದೆ ಎಂದಾದರೆ ಮಾತ್ರ ಬದಲಾವಣೆಯ ಮಾತು ಆಡಬಹುದು. ಆಗಲೂ ಪೂರ್ತಿ ಕೂರಿಸಬೇಡಿ. ಮೂರನೆಯ ಯತ್ನಕ್ಕೆ ಎಂಟು ಹತ್ತು ಗಜ ಉಳಿದು ಎದುರಾಳಿ ಪಾಸ್ ಎಸೆಯಲೇಬೇಕಾದಾಗ ವೇಗದವನನ್ನು ಇಳಿಸಿ, ಉಳಿದ ಹೊತ್ತು ಕೂಗುವವನು ಕೂಗಲಿ.

ಒಂದು ಸಂದರ್ಭದಲ್ಲಿ ಮಾತ್ರ ನಾನು ಹೇಳಿದ್ದನ್ನೆಲ್ಲ ಬಿಟ್ಟುಬಿಡಿ. ಚೆನ್ನಾಗಿ ಆಡುತ್ತಿದ್ದ ಹುಡುಗ ಹಠಾತ್ತನೆ ನಿಧಾನವಾಗಿದ್ದರೆ, ಸನ್ನೆ ಮರೆಯುತ್ತಿದ್ದರೆ, ಬೆಳಕಿಗೆ ಕಣ್ಣು ಕಿರಿದು ಮಾಡುತ್ತಿದ್ದರೆ ಅದು ತಲೆಗೆ ಬಿದ್ದ ಪೆಟ್ಟಾಗಿರಬಹುದು. ಆ ಕ್ಷಣವೇ ಹೊರಗೆ ಕರೆಯಿರಿ. ವಾಷಿಂಗ್ಟನ್ ರಾಜ್ಯ 2009ರಲ್ಲಿ ಇದಕ್ಕೆ ಕಾನೂನು ಮಾಡಿತು, 2014ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಇಂಥ ಕಾನೂನು ಬಂತು. ಅಲ್ಲಿ ಕೋಷ್ಟಕಕ್ಕೂ ಪ್ಲೇ ಆಫ್‌ಗೂ ಜಾಗವಿಲ್ಲ, ವೈದ್ಯರ ಮಾತೇ ಕೊನೆ.

ಕೊನೆಗೊಂದು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಪ್ರಶ್ನೆಯಲ್ಲಿ ಮೈಕ್ ಬಗ್ಗೆ ಇರುವುದು ಎರಡು ಸಾಲು. ಬೆಂಚಿನ ಹುಡುಗನ 40 ಗಜದ ಓಟ 4.68 ಸೆಕೆಂಡ್ ಎಂದೂ, ಬೇಸಿಗೆಯಲ್ಲಿ ಅವನು ಎಷ್ಟು ಭಾರ ಎತ್ತುತ್ತಿದ್ದ ಎಂದೂ ಬರೆದಿದ್ದೀರಿ. ಅವನು ನಿಮ್ಮ ಮಗನಾಗಿದ್ದರೆ ಆ ವಿಡಿಯೊವನ್ನು ಬೇರೆ ಯಾರಾದರೂ ನೋಡಲಿ.